ಹದಿನಾರು ಹಾಳೆ, ಒಂದೇ ಕಾವೇರಿ

“ಅಪ್ಪಾ, ಕಾವೇರಿ ಇಲ್ಲೇ ನಿಂತುಬಿಟ್ಟಳು!” ಮಗಳ ಕಣ್ಣಲ್ಲಿ ನೀರು. ಮರುದಿನವೇ ಶಾಲೆಯಲ್ಲಿ ವಸ್ತುಪ್ರದರ್ಶನ. ಕರ್ನಾಟಕದ ನಕ್ಷೆಯನ್ನು 16 ಎ4 ಹಾಳೆಗಳಲ್ಲಿ ಬಿಡಿಬಿಡಿಯಾಗಿ ಬರೆದಿದ್ದಳು. ಜೋಡಿಸಿ ನೋಡಿದರೆ ಕೊಡಗಿನ ಹಾಳೆಯ ನದಿ ಮೈಸೂರಿನ ಹಾಳೆಯಲ್ಲಿ ಎರಡು ಬೆರಳು ಕೆಳಗಿತ್ತು. “ಒಂದೊಂದೇ ಹಾಳೆ ಬರಿ, ಸುಲಭ” ಎಂದವನು ನಾನೇ!

ಮತ್ತೆ ಶುರು ಮಾಡಿದೆವು. ಈ ಸಲ ಮೊದಲು ಅಂಟು, ಆಮೇಲೆ ಚಿತ್ರ.

ಹಾಳೆಯ ಅಂಚಿಗೆ 1 ಸೆಂ.ಮೀ. ಅಗಲ ಮೈದಾ ಅಂಟು ತೆಳ್ಳಗೆ ಸವರಿ, ಅದರ ಮೇಲೆ ಮುಂದಿನ ಹಾಳೆಯನ್ನು ಕೂರಿಸಿದೆವು. ನಾಲ್ಕು ಹಾಳೆಗೆ ಒಂದು ಸಾಲು. ಅಂಥ ನಾಲ್ಕು ಸಾಲು ಸೇರಿಸಿದಾಗ ಸುಮಾರು 81 ಸೆಂ.ಮೀ. ಅಗಲ, 116 ಸೆಂ.ಮೀ. ಉದ್ದದ ಒಂದೇ ಹಾಳೆ! ಒಣಗುವವರೆಗೆ ಮೇಲೆ ದಪ್ಪ ಪುಸ್ತಕಗಳನ್ನು ಹೇರಿದೆವು.

ಕಾಯುವಾಗ ಮಗಳಿಗೆ ಹೇಳಿದೆ: ಲಿಯೊನಾರ್ಡೊ ಡ ವಿಂಚಿ ಕೂಡ 8 ಹಾಳೆ ಅಂಟಿಸಿ ಬರೆದ ದೊಡ್ಡ ಚಿತ್ರವೊಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅವಳ ಮುಖ ಅರಳಿತು.

ಪುಸ್ತಕದ ನಕ್ಷೆಯ ಮೇಲೆ 1 ಸೆಂ.ಮೀ. ಚೌಕಗಳು, ದೊಡ್ಡ ಹಾಳೆಯಲ್ಲಿ 8 ಸೆಂ.ಮೀ. ಚೌಕಗಳು. ಚಿಕ್ಕ ಚೌಕದಲ್ಲಿದ್ದ ಗೆರೆಯನ್ನು ನೋಡಿಕೊಂಡು ಅದೇ ದೊಡ್ಡ ಚೌಕದಲ್ಲಿ ಎಳೆದರಾಯಿತು. ಮಕ್ಕಳೇ, ಇಷ್ಟೇ ಗುಟ್ಟು!

ರಾತ್ರಿ ಹನ್ನೊಂದಕ್ಕೆ ಕಾವೇರಿ ಅಂಟಿನ ಗೆರೆಗಳನ್ನೆಲ್ಲ ದಾಟಿ ತಮಿಳುನಾಡಿನ ಗಡಿ ಮುಟ್ಟಿದಳು. ಮಗಳು ನಕ್ಷೆಯ ಪಕ್ಕದಲ್ಲೇ ನಿದ್ದೆ ಹೋದಳು.