ಫಸಲಿ 1340ರ ಸುಳಿವು

ಪತ್ತೇದಾರಿ ಓದಿಗೆ ಕನ್ನಡದಲ್ಲಿ ಎಂದೂ ಬರವಿರಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿಯೇ ಓದಿನ ಚಟ ಅಂಟಿಸಿಕೊಂಡವರಿದ್ದಾರೆ. ಮಕ್ಕಳ ಕಾದಂಬರಿಗೂ ಈಗ ಒಳ್ಳೆಯ ಕಾಲ: ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ 2021ರಿಂದ 2023ರವರೆಗೆ ಸಾಲಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದವು. ಆದರೆ ಹತ್ತು-ಹನ್ನೆರಡರ ಮಕ್ಕಳಿಗೆ ರಹಸ್ಯದ ಕತೆ ಎಂದೊಡನೆ ಸುರಂಗ, ನಿಧಿ, ಕಳ್ಳಸಾಗಣೆಯವರೇ ಯಾಕೆ ನೆನಪಾಗಬೇಕು? ತೆಲಂಗಾಣದ ನಾರಾಯಣಖೇಡ ಸೀಮೆಯ ಕಲ್ಹೇರ್‌ನಂಥ ಊರಲ್ಲಿ ಕತೆಗೆ ಬೇಕಾದ ಗುಟ್ಟು ಹಳೇ ಸರ್ಕಾರಿ ಕಾಗದದಲ್ಲೇ ಇದೆ.

ನಾರಾಯಣಖೇಡ, ಜಹೀರಾಬಾದ್ ತಾಲ್ಲೂಕುಗಳು 1956ರ ನವೆಂಬರ್ 1ರ ತನಕ ಬೀದರ್ ಜಿಲ್ಲೆಗೆ ಸೇರಿದ್ದವು, ತಾಂಡೂರು ಗುಲ್ಬರ್ಗಕ್ಕೆ. ನಿಜಾಮರ ಕಾಲದ ದಫ್ತರ ಉರ್ದು, ಆಮೇಲಿನದು ತೆಲುಗು, ಕನ್ನಡದ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ. ಅಜ್ಜನ ಟ್ರಂಕಿನಲ್ಲಿ ಸಿಕ್ಕ ಪಹಣಿಯನ್ನು ಓದಿಸಿಕೊಳ್ಳಲು ಮೊಮ್ಮಗಳು ಯಾರನ್ನಾದರೂ ನಂಬಲೇಬೇಕು. ಓದಿ ಹೇಳುವವನು ಒಂದು ಸಾಲು ನುಂಗಿದರೆ? ಕಾಗದದ ಮೂಲೆಯಲ್ಲಿ 1340 ಎಂದಿದೆ ಅನ್ನಿ. ಬಹಮನಿ ಸುಲ್ತಾನರಿಗಿಂತ ಹಳೆಯದೆಂದು ಹುಡುಗಿ ಬೆರಗಾಗುತ್ತಾಳೆ. ಅದು ಫಸಲಿ, ಅಂದರೆ ನಿಜಾಮರ ಕಂದಾಯ ದಫ್ತರದ ಇಸವಿ. 590 ಕೂಡಿಸಿದರೆ 1930-31. ಮಂಜೀರಾಕ್ಕೆ ಅಡ್ಡ ಕಟ್ಟಿದ ನಿಜಾಮಸಾಗರ ಮುಗಿದದ್ದು 1931ರಲ್ಲಿ, ಅದಕ್ಕಾಗಿ ಹಳ್ಳಿಗಳೇ ಎದ್ದುಹೋದವು. ಕಾಗದದ ಹೊಲ ನೀರಿನಡಿ ಹೋಯಿತೋ, ಇನ್ನೊಬ್ಬರ ಹೆಸರಿಗೆ ಹೋಯಿತೋ? ಒಂದು ಕೂಡುವ ಲೆಕ್ಕಕ್ಕೆ ಕತೆ ಮಗ್ಗುಲು ಬದಲಿಸಿತು.

ಎಲ್ಲರೂ ಎಲ್ಲರಿಗೂ ಗೊತ್ತಿರುವ ಊರಲ್ಲಿ ಗುಟ್ಟು ಉಳಿಯುತ್ತದೆಯೇ ಎಂದು ಕೇಳಬಹುದು. ಗೊತ್ತಿರುವುದೇ ಇಲ್ಲಿ ಕುತೂಹಲದ ಮೂಲ. ಎರಿಕ್ ಕೆಸ್ಟ್ನರ್ 1929ರಲ್ಲಿ ಬರೆದ ಕಾದಂಬರಿಯ ಎಮಿಲ್, ರೈಲಿನಲ್ಲಿ ಹಣ ಕದ್ದ ಅಪರಿಚಿತನನ್ನು ಬರ್ಲಿನ್‌ನ ಹುಡುಗರ ದಂಡು ಕಟ್ಟಿಕೊಂಡು ಅಟ್ಟಿಸಿಕೊಂಡು ಹೋಗುತ್ತಾನೆ. ಮಜಾ ಇದೆ, ಸಂಕಟವಿಲ್ಲ. ಕಲ್ಹೇರ್‌ನ ಹುಡುಗಿ ಅನುಮಾನಿಸಬೇಕಾದದ್ದು ದಿನಾ ಬೆಳಿಗ್ಗೆ ಎದುರಾಗುವ ಕಾಕಾನನ್ನು. ಹೊಲದ ತಂಟೆ ಮಕ್ಕಳಿಗೇಕೆ ಎಂಬ ತಕರಾರು ಇನ್ನೂ ಗಟ್ಟಿಯಾದದ್ದು. ಆದರೆ ಆ ತಂಟೆ ನಡೆಯುವುದೇ ಮಕ್ಕಳು ಮಲಗುವ ಪಡಸಾಲೆಯಲ್ಲಿ. ಅವರು ಆಗಲೇ ಅರ್ಧ ಕೇಳಿಸಿಕೊಂಡಿರುತ್ತಾರೆ. ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ಸೀಮೆಯ ತನಿಖೆ ಊರಿನ ಜಗಳಗಳಲ್ಲಿ ಕಳೆದುಹೋಗುತ್ತದೆ, ದೊಡ್ಡ ಓದುಗ ಅದನ್ನು ತಾಳಿಕೊಳ್ಳುತ್ತಾನೆ. ಮಕ್ಕಳಿಗೆ ಆ ಮೋಸ ನಡೆಯದು. ಸಾಲು ನುಂಗಿದವರು ಯಾರೆಂದು ಪುಸ್ತಕ ಮುಗಿಯುವುದರೊಳಗೆ ಗೊತ್ತಾಗಲೇಬೇಕು. ಹೊಲ ಯಾರಿಗೆ ಸೇರಬೇಕೆಂಬ ತೀರ್ಪನ್ನು ಬೇಕಾದರೆ ಊರವರಿಗೆ ಬಿಡಬಹುದು.