ಕಂಪ್ಯೂಟರಿನ ಬಾಗಿಲು ಕಾಯುವವರು ಯಾರು?

ಕಂಪ್ಯೂಟರಿನಲ್ಲಿ ಏನೋ ಕೆಲಸ ಮಾಡುತ್ತಿರುತ್ತೀರಿ. ಇದ್ದಕ್ಕಿದ್ದಂತೆ ಪರದೆಯ ಮೇಲೆ ಒಂದು ಚೌಕ ಮೂಡುತ್ತದೆ. ಈ ಪ್ರೋಗ್ರಾಂನ ಕೆಲವು ಸೌಲಭ್ಯಗಳನ್ನು ಫೈರ್‌ವಾಲ್ ತಡೆದಿದೆ, ಅನುಮತಿ ಕೊಡುವಿರಾ ಎಂದು ಇಂಗ್ಲಿಷ್‌ನಲ್ಲಿ ಕೇಳುತ್ತದೆ. ಆಗ ನೀವು ಏನು ಮಾಡುತ್ತೀರಿ? ಹೆಚ್ಚಿನವರು ಓದುವುದೇ ಇಲ್ಲ. ಚೌಕ ಮಾಯವಾದರೆ ಸಾಕೆಂದು ಮೊದಲು ಕಂಡ ಗುಂಡಿಯನ್ನು ಒತ್ತಿಬಿಡುತ್ತಾರೆ. ಒಂದು ತಿಂಗಳ ಬಳಿಕ ಪ್ರಿಂಟರ್ ಕೆಲಸ ಮಾಡುವುದಿಲ್ಲ, ಇಲ್ಲವೇ ಇಂಟರ್‌ನೆಟ್ ಬರುವುದಿಲ್ಲ. ಆಗ ಪೇಟೆಯ ಕಂಪ್ಯೂಟರ್ ಅಂಗಡಿಗೆ ಓಟ. ಅಂಗಡಿಯವನು ಐದು ನಿಮಿಷದಲ್ಲಿ ಫೈರ್‌ವಾಲನ್ನೇ ಪೂರ್ತಿ ಆರಿಸಿ, “ಈಗ ಸರಿಯಾಯಿತು” ಎಂದು ಹೇಳಿ ಹಣ ಪಡೆಯುತ್ತಾನೆ. ನಿಮ್ಮ ತೊಂದರೆಯೇನೋ ತೀರಿತು. ಆದರೆ ಬಾಗಿಲು ತೆರೆದುಕೊಂಡೇ ಉಳಿಯಿತು.

ಫೈರ್‌ವಾಲ್ ಎಂಬ ಹೆಸರು ಕಟ್ಟಡಗಳಿಂದ ಬಂದದ್ದು. ಒಂದು ಕೋಣೆಯ ಬೆಂಕಿ ಇನ್ನೊಂದಕ್ಕೆ ದಾಟದಂತೆ ಕಟ್ಟುವ ಗೋಡೆಗೆ ಆ ಹೆಸರು. ಕೊಡಗಿನವರಿಗೆ ಇದನ್ನು ತಿಳಿಸಲು ದೂರದ ಉದಾಹರಣೆ ಬೇಡ. ಬೇಸಿಗೆಗೆ ಮುಂಚೆ ನಾಗರಹೊಳೆಯ ಕಾಡಿನಲ್ಲಿ ಅರಣ್ಯ ಇಲಾಖೆಯವರು ಪೊದೆ ಕಡಿದು, ತರಗೆಲೆ ಸುಟ್ಟು ಬೆಂಕಿ ರೇಖೆ ಎಳೆಯುವುದನ್ನು ನೀವು ಕಂಡಿರಬಹುದು. ಆದರೆ ನನಗೆ ಇನ್ನೂ ಹತ್ತಿರವೆನಿಸುವ ಹೋಲಿಕೆ ತೋಟದಂಚಿನ ಆನೆ ಕಂದಕದ್ದು. ಕಂದಕ ಹೊರಗಿನ ಆನೆಯನ್ನು ತಡೆಯುತ್ತದೆ. ಈಗಾಗಲೇ ತೋಟದೊಳಗೆ ಬೀಡುಬಿಟ್ಟಿರುವ ಆನೆಗೆ ಕಂದಕದಿಂದ ಏನೂ ಆಗದು. ಸಿದ್ದಾಪುರ, ಪಾಲಿಬೆಟ್ಟದ ಕಡೆಯವರಿಗೆ ಈ ಮಾತನ್ನು ವಿವರಿಸಬೇಕಾಗಿಯೇ ಇಲ್ಲ. ಫೈರ್‌ವಾಲ್ ಮತ್ತು ಆ್ಯಂಟಿವೈರಸ್ ಎರಡೂ ಬೇರೆ ಬೇರೆ ಎಂಬುದಕ್ಕೆ ಕಾರಣ ಇದುವೇ. ಮೊದಲನೆಯದು ಗಡಿ ಕಾಯುತ್ತದೆ, ಎರಡನೆಯದು ಒಳಗೆ ಸೇರಿಕೊಂಡದ್ದನ್ನು ಹುಡುಕುತ್ತದೆ.

ಇಂಟರ್‌ನೆಟ್‌ಗೆ ಸೇರಿದ ಪ್ರತಿ ಕಂಪ್ಯೂಟರಿಗೂ ಅರವತ್ತೈದು ಸಾವಿರಕ್ಕೂ ಹೆಚ್ಚು ಕಣ್ಣಿಗೆ ಕಾಣದ ಬಾಗಿಲುಗಳಿರುತ್ತವೆ. ಇವುಗಳಿಗೆ ಪೋರ್ಟ್ ಎನ್ನುತ್ತಾರೆ, ಪ್ರತಿಯೊಂದಕ್ಕೂ ಒಂದೊಂದು ಸಂಖ್ಯೆ. ಸಲಾಂ ಹೇಳಿ, ಅನುಮತಿ ಕೇಳಿಯೇ ಇನ್ನೊಬ್ಬರ ಮನೆಯೊಳಗೆ ಕಾಲಿಡಬೇಕೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಫೈರ್‌ವಾಲ್ ಮಾಡುವುದೂ ಅಷ್ಟೆ. ನೀವು ಕರೆದದ್ದಕ್ಕೆ ಉತ್ತರವಾಗಿ ಬಂದದ್ದನ್ನು ಒಳಗೆ ಬಿಡುತ್ತದೆ, ಕರೆಯದೆ ಬಂದು ಬಾಗಿಲು ತಳ್ಳಿದವನನ್ನು ಹೊರಗೇ ನಿಲ್ಲಿಸುತ್ತದೆ.

ಇದು ಬರೀ ಮಾತಲ್ಲ ಎಂಬುದು 2003ರಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. 2001ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದು ಫೈರ್‌ವಾಲ್ ಇತ್ತು, ಆದರೆ ಅದನ್ನು ಆರಿಸಿಯೇ ಮಾರಲಾಗಿತ್ತು. ಅಂಥದ್ದೊಂದು ಇದೆಯೆಂದೇ ಬಹಳ ಜನರಿಗೆ ತಿಳಿದಿರಲಿಲ್ಲ. 2003ರ ಆಗಸ್ಟ್ 11ರಂದು ಬ್ಲಾಸ್ಟರ್ ಎಂಬ ಹುಳು ಹೊರಬಿತ್ತು. ಅದಕ್ಕೆ ನೀವು ಯಾವ ಮಿಂಚಂಚೆಯನ್ನೂ ತೆರೆಯಬೇಕಿರಲಿಲ್ಲ, ಯಾವ ಫೈಲನ್ನೂ ಒತ್ತಬೇಕಿರಲಿಲ್ಲ. ಇಂಟರ್‌ನೆಟ್‌ಗೆ ಸೇರಿದ್ದರೆ ಸಾಕು, 135ನೇ ಬಾಗಿಲಿನಿಂದ ತಾನೇ ನುಗ್ಗುತ್ತಿತ್ತು. ಅರವತ್ತು ಸೆಕೆಂಡಿನಲ್ಲಿ ಕಂಪ್ಯೂಟರ್ ಆರಿಹೋಗುತ್ತದೆ ಎಂಬ ಸೂಚನೆ ಮೂಡಿ, ಸೆಕೆಂಡುಗಳು ಇಳಿಯುತ್ತ ಹೋಗಿ, ಕೊನೆಗೆ ಆರಿಯೇ ಹೋಗುತ್ತಿತ್ತು. ಆ ತೂತನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಜುಲೈ 16ರಂದೇ ಬಿಡುಗಡೆ ಮಾಡಿತ್ತು. ಹಾಕಿಕೊಂಡವರು ಕಡಿಮೆ. 2004ರ ಏಪ್ರಿಲ್ ಕೊನೆಗೆ ಇದೇ ಬಗೆಯ ಸಾಸರ್ ಬಂತು. ಅದನ್ನು ಬರೆದವನು ಜರ್ಮನಿಯ ಒಬ್ಬ ಹದಿಹರೆಯದ ಹುಡುಗ. ಆ ವರ್ಷದ ಆಗಸ್ಟ್‌ನಲ್ಲಿ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಬಂದಾಗ ಫೈರ್‌ವಾಲ್ ಮೊದಲಿನಿಂದಲೇ ಚಾಲೂ ಆಗಿತ್ತು. ಅಂದಿನಿಂದ ಇಂದಿನವರೆಗೂ ಪ್ರತಿ ವಿಂಡೋಸ್‌ನಲ್ಲೂ ಹಾಗೆಯೇ ಇದೆ.

ಬಿಎಸ್ಸೆನ್ನೆಲ್‌ನ ಡೇಟಾವನ್ ಬ್ರಾಡ್‌ಬ್ಯಾಂಡ್ ಆರಂಭವಾದದ್ದು 2005ರ ಜನವರಿಯಲ್ಲಿ. ಅದರ ಮೋಡೆಮ್‌ಗಳನ್ನು ಎರಡು ವಿಧದಲ್ಲಿ ಹೊಂದಿಸಬಹುದಿತ್ತು. ರೂಟರ್ ವಿಧದಲ್ಲಿದ್ದರೆ ಮೋಡೆಮ್ಮೇ ಹೊರಗಿನ ಗೇಟಾಗಿ ನಿಲ್ಲುತ್ತಿತ್ತು. ಬ್ರಿಡ್ಜ್ ವಿಧದಲ್ಲಿದ್ದರೆ ಕಂಪ್ಯೂಟರಿನಿಂದಲೇ ಬಳಕೆದಾರ ಹೆಸರು ಹಾಕಿ ಡಯಲ್ ಮಾಡಬೇಕಿತ್ತು, ಆಗ ಮನೆಯ ಕಂಪ್ಯೂಟರ್ ನೇರ ಬೀದಿಗೇ ಮುಖ ಮಾಡಿ ನಿಂತಂತೆ. ಫೈರ್‌ವಾಲ್ ಆರಿಸಿದ್ದ ಕಂಪ್ಯೂಟರ್ ಹೀಗೆ ನಿಂತರೆ ಗತಿಯೇನು, ಊಹಿಸಿಕೊಳ್ಳಿ. ಈಗಿನ ಫೈಬರ್ ಸಂಪರ್ಕದ ಪೆಟ್ಟಿಗೆಗಳು ಸಾಮಾನ್ಯವಾಗಿ ರೂಟರ್ ಆಗಿಯೇ ಬರುತ್ತವೆ. ಆದರೆ ಅದರ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದಂತೆಯೇ ‘ಅಡ್ಮಿನ್’ ಎಂದು ಉಳಿದಿದ್ದರೆ ಗೇಟಿಗೆ ಬೀಗ ಹಾಕಿ ಕೀಲಿಯನ್ನು ಅದರಲ್ಲೇ ಬಿಟ್ಟಂತೆ. ಸಂಪರ್ಕ ಕೊಡಲು ಬಂದವರ ಎದುರಿನಲ್ಲೇ ಅದನ್ನು ಬದಲಾಯಿಸಿ, ಒಂದು ಪುಸ್ತಕದಲ್ಲಿ ಬರೆದಿಡಿ.

ಯಾವುದನ್ನು ಆರಿಸಿಕೊಳ್ಳಬೇಕು?

ಆ ದಿನಗಳಲ್ಲಿ ಬೇರೆ ಫೈರ್‌ವಾಲ್ ಹಾಕಿಕೊಳ್ಳುವುದೇ ಜಾಣತನವಾಗಿತ್ತು. ಎಕ್ಸ್‌ಪಿಯ ಫೈರ್‌ವಾಲ್ ಒಳಬರುವುದನ್ನು ಮಾತ್ರ ನೋಡುತ್ತಿತ್ತು, ಒಳಗಿನಿಂದ ಯಾವ ಪ್ರೋಗ್ರಾಂ ಗುಟ್ಟಾಗಿ ಏನನ್ನು ಹೊರಗೆ ಕಳುಹಿಸುತ್ತಿದೆ ಎಂದು ನೋಡುತ್ತಿರಲಿಲ್ಲ. ಝೋನ್ ಅಲಾರ್ಮ್, ಸೈಗೇಟ್, ಕೆರಿಯೊ, ಔಟ್‌ಪೋಸ್ಟ್, ಕೊಮೊಡೊ ಇವೆಲ್ಲ ಹೊರಹೋಗುವುದನ್ನೂ ತಡೆದು ಕೇಳುತ್ತಿದ್ದವು. ಕೆಲವು ಉಚಿತವಾಗಿಯೇ ಸಿಗುತ್ತಿದ್ದವು. ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳಿಂದ ಹಾಕಿಕೊಂಡವರೂ ಇದ್ದಾರೆ. ಆದರೆ ಅವುಗಳ ಕಥೆ ಏನಾಯಿತು ನೋಡಿ. ಸೈಗೇಟನ್ನು 2005ರಲ್ಲಿ ಸಿಮ್ಯಾಂಟೆಕ್ ಕೊಂಡು ನಿಲ್ಲಿಸಿಬಿಟ್ಟಿತು. ಕೆರಿಯೊ ಕೈ ಬದಲಾಯಿತು. ಔಟ್‌ಪೋಸ್ಟ್‌ನ ಮಾರಾಟ 2015ರ ಕೊನೆಗೆ ನಿಂತಿತು. ತಯಾರಕರೇ ಕೈಬಿಟ್ಟ ಕಾವಲುಗಾರನನ್ನು ಇಟ್ಟುಕೊಳ್ಳುವುದಕ್ಕಿಂತ ಇಲ್ಲದಿರುವುದೇ ಮೇಲು.

ಇಂದು ನನ್ನನ್ನು ಕೇಳಿದರೆ, ಸಾಮಾನ್ಯ ಮನೆಗೆ ವಿಂಡೋಸ್‌ನೊಂದಿಗೇ ಬರುವ ಡಿಫೆಂಡರ್ ಫೈರ್‌ವಾಲ್ ಸಾಕು ಎನ್ನುತ್ತೇನೆ. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ತೋಟದ ಲೆಕ್ಕ, ಗಲ್ಫ್‌ನಲ್ಲಿರುವ ಉಪ್ಪನೊಂದಿಗೆ ವಿಡಿಯೋ ಮಾತು, ಇಷ್ಟಕ್ಕೆ ಬೇರೊಂದು ಬೇಡ. ಹಣ ಕೊಟ್ಟು ಪೂರ್ಣ ಸುರಕ್ಷಾ ತಂತ್ರಾಂಶ ಕೊಳ್ಳುವುದಾದರೆ ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7ನಂಥ ನಮ್ಮ ದೇಶದ ಕಂಪೆನಿಗಳದ್ದೂ ಇವೆ. ಇಂಥವುಗಳಲ್ಲಿ ಯಾವುದನ್ನೇ ಕೊಳ್ಳಿ, ಫೈರ್‌ವಾಲ್ ಇರುವ ಆವೃತ್ತಿಯೇ ಎಂದು ಪೆಟ್ಟಿಗೆಯ ಮೇಲೆ ನೋಡಿ. ಎಷ್ಟು ವರ್ಷಕ್ಕೆ, ಎಷ್ಟು ಕಂಪ್ಯೂಟರಿಗೆ ಎಂದು ಕೇಳಿ. ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಒಂದೇ ಕಂಪ್ಯೂಟರಿನಲ್ಲಿ ಎರಡು ಫೈರ್‌ವಾಲ್ ಮಾತ್ರ ಬೇಡವೇ ಬೇಡ. ಒಂದು ಗೇಟಿಗೆ ಇಬ್ಬರು ಕಾವಲುಗಾರರನ್ನಿಟ್ಟರೆ ಒಬ್ಬ ಬಿಟ್ಟವನನ್ನು ಇನ್ನೊಬ್ಬ ತಡೆಯುತ್ತಾನೆ. ಕೊನೆಗೆ ಮನೆಯವರೇ ಹೊರಗುಳಿಯುತ್ತಾರೆ.

ಕೆಟ್ಟಾಗ ಮೊದಲು ಏನು ನೋಡಬೇಕು?

ಇಂಟರ್‌ನೆಟ್ ಬರದಿದ್ದರೆ ಫೈರ್‌ವಾಲನ್ನು ದೂರುವ ಮೊದಲು ಅದೇ ವೈಫೈಯಲ್ಲಿ ಮೊಬೈಲ್ ನಡೆಯುತ್ತದೆಯೇ ನೋಡಿ. ಅಲ್ಲೂ ಇಲ್ಲದಿದ್ದರೆ ತಪ್ಪು ಕಂಪ್ಯೂಟರಿನದ್ದಲ್ಲ. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಎಲ್ಲೋ ಮರ ಬಿದ್ದು ತಂತಿ ತುಂಡಾಗಿರುತ್ತದೆ, ಅಥವಾ ಗುಡುಗಿಗೆ ಮೋಡೆಮ್ ಸುಟ್ಟಿರುತ್ತದೆ.

ಮೊಬೈಲಿನಲ್ಲಿ ಬರುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಪ್ರತಿ ಜಾಲತಾಣವೂ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ತೋರಿಸುತ್ತದೆಯೇ? ಪರದೆಯ ಮೂಲೆಯ ದಿನಾಂಕ ನೋಡಿ. ದಿನಗಟ್ಟಲೆ ಕರೆಂಟ್ ಇಲ್ಲದಿರುವಾಗ, ಒಳಗಿನ ಪುಟ್ಟ ಬ್ಯಾಟರಿ ಸತ್ತ ಹಳೆಯ ಕಂಪ್ಯೂಟರ್ ದಿನಾಂಕವನ್ನೇ ಮರೆತು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಜಾಲತಾಣದ ಗುರುತಿನ ಪತ್ರಕ್ಕೂ ಈ ದಿನಾಂಕಕ್ಕೂ ತಾಳೆಯಾಗದೆ ಎಚ್ಚರಿಕೆ ಬರುತ್ತದೆ. ದಿನಾಂಕ ಸರಿಪಡಿಸಿ, ಗುಂಡಿಯಾಕಾರದ ಆ ಬ್ಯಾಟರಿಯನ್ನು ಬದಲಾಯಿಸಿದರೆ ಮುಗಿಯಿತು. ಇದಕ್ಕಾಗಿ ಫೈರ್‌ವಾಲ್ ಕಿತ್ತುಹಾಕಿದವರನ್ನು ನಾನು ಬಲ್ಲೆ.

ಇವೆರಡೂ ಅಲ್ಲವೆಂದಾದರೆ, ಇತ್ತೀಚೆಗೆ ಯಾವ ಪ್ರೋಗ್ರಾಂಗೆ ‘ಬ್ಲಾಕ್’ ಒತ್ತಿದಿರಿ ಎಂದು ನೆನಪಿಸಿಕೊಳ್ಳಿ. ಹಿಂದೆ ಝೋನ್ ಅಲಾರ್ಮ್ ಬಳಸುತ್ತಿದ್ದವರು ‘ಜೆನೆರಿಕ್ ಹೋಸ್ಟ್ ಪ್ರೋಸೆಸ್’ ಎಂಬ ಅಪರಿಚಿತ ಹೆಸರು ಕಂಡು ಕಳ್ಳನೆಂದೇ ಭಾವಿಸಿ ತಡೆಯುತ್ತಿದ್ದರು. ಅದು ವಿಂಡೋಸ್‌ನ ಸ್ವಂತ ಆಳು. ಜಾಲತಾಣಗಳ ವಿಳಾಸ ಕೇಳಿಕೊಂಡು ಬರುವ ಕೆಲಸ ಅದರದ್ದು, ಅದನ್ನು ತಡೆದರೆ ಇಂಟರ್‌ನೆಟ್ಟೇ ನಿಂತುಹೋಗುತ್ತಿತ್ತು. ಪ್ರತಿಸಲ ಬಳಕೆದಾರರದ್ದೇ ತಪ್ಪೆಂದೂ ಅಲ್ಲ. 2008ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಕೊಟ್ಟ ಒಂದು ಸುರಕ್ಷಾ ಅಪ್‌ಡೇಟ್ ಹಾಕಿಕೊಂಡ ಕೂಡಲೇ ಝೋನ್ ಅಲಾರ್ಮ್ ಇದ್ದವರ ಸಂಪರ್ಕ ಕಡಿದುಹೋಯಿತು. ಅದು ಸರಿಯಾದದ್ದು ಝೋನ್ ಅಲಾರ್ಮ್‌ನ ಹೊಸ ಆವೃತ್ತಿ ಬಂದ ಮೇಲೆಯೇ. ಹೀಗಾಗಿ, ನಿನ್ನೆಯವರೆಗೆ ಸರಿಯಿದ್ದು ಇಂದು ಕೆಟ್ಟಿತೆಂದಾದರೆ, ನಿನ್ನೆ ರಾತ್ರಿ ಏನು ಅಪ್‌ಡೇಟ್ ಆಯಿತೆಂದು ನೋಡುವುದು ಒಳ್ಳೆಯದು.

ಪ್ರಿಂಟರ್ ಕಾಣದಿದ್ದರೆ ಕಾರಣ ಬಹುತೇಕ ಬೇರೆಯೇ. ಹೊಸ ವೈಫೈಗೆ ಸೇರುವಾಗ ವಿಂಡೋಸ್ ಅದನ್ನು ‘ಪಬ್ಲಿಕ್’ ಅಥವಾ ‘ಪ್ರೈವೇಟ್’ ಎಂದು ಗುರುತು ಹಾಕಿಕೊಳ್ಳುತ್ತದೆ. ಪಬ್ಲಿಕ್ ಎಂದರೆ ಬಸ್‌ಸ್ಟ್ಯಾಂಡ್ ಇದ್ದಂತೆ, ಯಾರನ್ನೂ ನಂಬುವುದಿಲ್ಲ, ಪಕ್ಕದ ಕೋಣೆಯ ಪ್ರಿಂಟರನ್ನೂ ನಂಬುವುದಿಲ್ಲ. ಸ್ವಂತ ಮನೆಯ ವೈಫೈಯನ್ನು ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಮಾಡಿಕೊಂಡರೆ ಪ್ರಿಂಟರ್ ಬರುತ್ತದೆ. ಮಗಳು ಅದೇ ಲ್ಯಾಪ್‌ಟಾಪನ್ನು ಮಂಗಳೂರು, ಮೈಸೂರಿನ ಹಾಸ್ಟೆಲಿಗೆ ಒಯ್ದರೆ ಅಲ್ಲಿಯ ವೈಫೈ ಮಾತ್ರ ಪಬ್ಲಿಕ್ ಆಗಿಯೇ ಇರಲಿ. ಅವಳ ಫೋಟೋಗಳಿರುವ ಫೋಲ್ಡರ್ ಇಡೀ ಹಾಸ್ಟೆಲಿಗೆ ತೆರೆದುಕೊಳ್ಳಬಾರದಲ್ಲ.

ಹೊಸ ಲ್ಯಾಪ್‌ಟಾಪಿನೊಂದಿಗೆ ಒಂದೆರಡು ತಿಂಗಳಿಗೆ ಉಚಿತವೆಂದು ಬರುವ ಸುರಕ್ಷಾ ತಂತ್ರಾಂಶವೂ ತಲೆನೋವೇ. ಅದು ವಿಂಡೋಸ್‌ನ ಫೈರ್‌ವಾಲನ್ನು ಸರಿಸಿ ತಾನು ಕುಳಿತುಕೊಳ್ಳುತ್ತದೆ, ಅವಧಿ ಮುಗಿದ ಮೇಲೆ ಕೆಲಸ ಬಿಡುತ್ತದೆ, ಕುರ್ಚಿ ಬಿಡುವುದಿಲ್ಲ. ಬೇಡವಾದರೆ ಪೂರ್ತಿ ತೆಗೆದುಹಾಕಿ. ಸಾಮಾನ್ಯ ರೀತಿಯಲ್ಲಿ ಹೋಗದಿದ್ದರೆ ಅದೇ ಕಂಪೆನಿಯ ಅಧಿಕೃತ ತಾಣದಲ್ಲಿ ಕಿತ್ತುಹಾಕುವ ಸಾಧನ ಸಿಗುತ್ತದೆ. ಆಮೇಲೆ ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ಫೈರ್‌ವಾಲ್ ಮೂರು ಕಡೆಯೂ ‘ಆನ್’ ಇದೆಯೇ ನೋಡಿ.

ಏನು ಮಾಡಿದರೂ ಆಗದಿದ್ದರೆ ಅದೇ ಪುಟದ ಕೆಳಗೆ ‘ರಿಸ್ಟೋರ್ ಫೈರ್‌ವಾಲ್ಸ್ ಟು ಡಿಫಾಲ್ಟ್’ ಎಂದಿರುತ್ತದೆ. ಹಳೆಯ ಅನುಮತಿಗಳೆಲ್ಲ ಅಳಿದು ಹೊಸದರಂತಾಗುತ್ತದೆ. ಫೈರ್‌ವಾಲ್‌ನದ್ದೇ ತಪ್ಪೇ ಎಂದು ತಿಳಿಯಲು ಎರಡು ನಿಮಿಷ ಆರಿಸಿ ನೋಡಬಹುದು. ಆದರೆ ಎರಡೇ ನಿಮಿಷ, ನಂತರ ಹಚ್ಚಿಯೇ ಏಳಬೇಕು. ಅಂಗಡಿಯಿಂದ ರಿಪೇರಿಯಾಗಿ ಬಂದ ಕಂಪ್ಯೂಟರಿನಲ್ಲೂ ನೀವು ಮೊದಲು ನೋಡಬೇಕಾದದ್ದು ಇದನ್ನೇ.

ಬಾಗಿಲನ್ನು ನೀವೇ ತೆರೆದರೆ

ಈಗ ಹೇಳುವುದು ಮನೆಯವರೆಲ್ಲರೂ, ವಿಶೇಷವಾಗಿ ಒಬ್ಬರೇ ಮನೆಯಲ್ಲಿರುವ ಹಿರಿಯರು ಮತ್ತು ಪತಿ ವಿದೇಶದಲ್ಲಿರುವ ಸಹೋದರಿಯರು ತಿಳಿದಿರಬೇಕಾದ ವಿಷಯ. ಯಾವುದೋ ತಾಣ ನೋಡುತ್ತಿರುವಾಗ ಪರದೆ ಪೂರ್ತಿ ಕೆಂಪಾಗಿ, ಸೈರನ್ ಕೂಗಿ, ‘ನಿಮ್ಮ ಫೈರ್‌ವಾಲ್ ಒಡೆದಿದೆ, ಬ್ಯಾಂಕ್ ವಿವರ ಕಳವಾಗುತ್ತಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ’ ಎಂದು ಬರುತ್ತದೆ. ಮೈಕ್ರೋಸಾಫ್ಟ್‌ನ ಗುರುತೂ ಇರುತ್ತದೆ. ಇದು ಶುದ್ಧ ಸುಳ್ಳು. ವಿಂಡೋಸ್‌ನ ನಿಜವಾದ ಎಚ್ಚರಿಕೆಯಲ್ಲಿ ಎಂದೂ ಫೋನ್ ನಂಬರ್ ಇರುವುದಿಲ್ಲ. ಕರೆ ಮಾಡಿದರೆ ಆ ಕಡೆಯಿಂದ ಬಹಳ ವಿನಯದ ಧ್ವನಿ. ದೂರದಿಂದಲೇ ಸರಿಮಾಡುತ್ತೇವೆಂದು ಒಂದು ತಂತ್ರಾಂಶ ಹಾಕಿಸಿ, ನಿಮ್ಮ ಪರದೆಯನ್ನು ಅವರು ಕಾಣುವಂತೆ ಮಾಡಿಕೊಂಡು, ಕೊನೆಗೆ ನೆಟ್ ಬ್ಯಾಂಕಿಂಗ್ ತೆರೆಯಲು ಹೇಳುತ್ತಾರೆ. ಫೈರ್‌ವಾಲ್ ಇಲ್ಲಿ ತಡೆಯುವುದಿಲ್ಲ. ಒಳಗಿನಿಂದ ಯಜಮಾನರೇ ಗೇಟು ತೆರೆದು ಕರೆತಂದವನನ್ನು ಕಾವಲುಗಾರ ಹೇಗೆ ತಡೆದಾನು?

ಇಂಥ ಪರದೆ ಬಂದರೆ ಏನನ್ನೂ ಒತ್ತಬೇಡಿ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ. ಗೊತ್ತಾಗದಿದ್ದರೆ ಪವರ್ ಗುಂಡಿ ಒತ್ತಿ ಹಿಡಿದು ಆರಿಸಿಬಿಡಿ, ನಷ್ಟವೇನಿಲ್ಲ. ಈಗಾಗಲೇ ಹಣ ಹೋಗಿದ್ದರೆ ಮೊದಲು ವೈಫೈ ಆರಿಸಿ, ನಂತರ 1930ಕ್ಕೆ ಕರೆ ಮಾಡಿ. ಬ್ಯಾಂಕಿಗೂ ತಿಳಿಸಿ, ಮಡಿಕೇರಿಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಮನೆಯವರು ಗದರುತ್ತಾರೆಂಬ ಹೆದರಿಕೆಯಿಂದ ರಾತ್ರಿಯವರೆಗೆ ಬಾಯಿ ಮುಚ್ಚಿಕೊಂಡಿರುವ ಸೊಸೆಯಂದಿರಿದ್ದಾರೆ, ಅಜ್ಜಂದಿರೂ ಇದ್ದಾರೆ. ಅವರನ್ನು ಗದರಬೇಡಿ. ಆ ಗದರಿಕೆಯ ಭಯವೇ ವಂಚಕನಿಗೆ ಸಮಯ ಕೊಡುತ್ತದೆ.

ಇನ್ನು ಹಳೆಯ ಕಂಪ್ಯೂಟರಿನ ವಿಷಯ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್‌ನಲ್ಲೂ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೂ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದೂ ಮುಗಿದಿದೆ. 2017ರ ಮೇ 12ರಂದು ವನ್ನಾಕ್ರೈ ಎಂಬ ಹುಳು 445ನೇ ಬಾಗಿಲಿನಿಂದ ನುಗ್ಗಿ, ಲೋಕದಾದ್ಯಂತ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಮಾರ್ಚ್‌ನಲ್ಲೇ ಬಂದಿದ್ದ ಪ್ಯಾಚ್ ಹಾಕಿಕೊಂಡಿದ್ದವರು ಬಚಾವಾದರು. ಬೆಂಬಲ ಮುಗಿದ ಕಂಪ್ಯೂಟರಿಗೆ ಎಷ್ಟು ಒಳ್ಳೆಯ ಫೈರ್‌ವಾಲ್ ಹಾಕಿದರೂ ಗೋಡೆಯ ಬಿರುಕು ಮುಚ್ಚುವವರಿಲ್ಲ. ಅಂಥದ್ದು ಮನೆಯಲ್ಲಿದ್ದರೆ ಅದರಿಂದ ಬ್ಯಾಂಕ್ ಕೆಲಸ ಮಾಡಬೇಡಿ. ಇಂಟರ್‌ನೆಟ್ ತಂತಿ ಕಿತ್ತು ಮಕ್ಕಳಿಗೆ ಟೈಪಿಂಗ್ ಕಲಿಯಲು, ತೋಟದ ಹಳೆಯ ಲೆಕ್ಕ ಇಡಲು ಬಳಸಿ. ಅದಕ್ಕೆ ಅದು ಇನ್ನೂ ಬಹಳ ಕಾಲ ಸಾಕು.