ಸಿಗ್ನಲ್ ಇಲ್ಲದ ಕೂಡುರಸ್ತೆ: ಮೊದಲು ಯಾರು?

ಎಲ್‌ಎಲ್‌ಆರ್ ಪರೀಕ್ಷೆಯ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ಸಿಗ್ನಲ್ ದೀಪವಾಗಲಿ ಪೊಲೀಸರಾಗಲಿ ಇಲ್ಲದ ಕೂಡುರಸ್ತೆಗೆ ಬಂದಾಗ ಏನು ಮಾಡುತ್ತೀರಿ? ‘ಹಾರ್ನ್ ಮಾಡಿ ಮುಂದೆ ಹೋಗುತ್ತೇನೆ’ ಎಂಬ ಅರ್ಥದ ಉತ್ತರವೂ ಆಯ್ಕೆಗಳಲ್ಲಿರುತ್ತದೆ. ಅದು ತಪ್ಪು. ಬಲಗಡೆಯಿಂದ ಬರುವವರಿಗೆ ದಾರಿ ಬಿಟ್ಟು, ಸಂಜ್ಞೆ ತೋರಿಸಿ ಮುಂದುವರಿಯುವುದು ಸರಿ. ಪರೀಕ್ಷೆಯಲ್ಲಿ ಸರಿಯುತ್ತರ ಒತ್ತಿದವರೂ ರಸ್ತೆಗಿಳಿದ ಮೇಲೆ ಹಾರ್ನನ್ನೇ ನಂಬುತ್ತಾರೆ.

ಮೂರು ಹಂತ

ಈ ನಿಯಮ 1989ರ ರಸ್ತೆ ವಿನಿಯಮಗಳಲ್ಲಿತ್ತು. ಅವುಗಳ ಜಾಗಕ್ಕೆ 2017ರಲ್ಲಿ ಮೋಟಾರು ವಾಹನ ಚಾಲನಾ ವಿನಿಯಮಗಳು ಬಂದವು. ತಿರುಳು ಇಷ್ಟು:

1. ಕೂಡುರಸ್ತೆ ಹತ್ತಿರವಾದಂತೆ ವೇಗ ತಗ್ಗಿಸಿ. ಅಲ್ಲಿರುವ ಯಾರಿಗೂ ಅಪಾಯವಿಲ್ಲವೆಂದು ಖಚಿತವಾಗುವವರೆಗೆ ಒಳನುಗ್ಗಬೇಡಿ. ರಸ್ತೆ ದಾಟುತ್ತಿರುವ ಪಾದಚಾರಿಯೂ ಈ ಲೆಕ್ಕಕ್ಕೆ ಸೇರುತ್ತಾರೆ.
2. ಮುಖ್ಯ ರಸ್ತೆಯೆಂದು ಗೊತ್ತುಪಡಿಸಿದ ದಾರಿಗೆ ಸೇರುತ್ತಿದ್ದರೆ, ಅಲ್ಲಿ ಸಾಗುತ್ತಿರುವ ವಾಹನಗಳಿಗೆ ದಾರಿ ಬಿಡಿ.
3. ಎರಡೂ ಸಮಾನ ರಸ್ತೆಗಳಾದರೆ, ಬಲಗಡೆಯಿಂದ ಬರುತ್ತಿರುವವರಿಗೆ ದಾರಿ ಬಿಡಿ.

ಅಗ್ನಿಶಾಮಕ ವಾಹನ, ಆಂಬ್ಯುಲೆನ್ಸ್ ಬಂದರೆ ಈ ಲೆಕ್ಕಾಚಾರವೆಲ್ಲ ಬದಿಗೆ. ಅವಕ್ಕೆ ದಾರಿ ಬಿಡದವರಿಗೆ 2019ರ ತಿದ್ದುಪಡಿಯ ಪ್ರಕಾರ ₹10,000 ದಂಡವಿದೆ.

‘ಮೇನ್’ ಎಂದರೆ ಮುಖ್ಯ ರಸ್ತೆಯೇ?

ಬೆಂಗಳೂರಿನ ಬಡಾವಣೆಗಳಲ್ಲಿ ಎಡವಟ್ಟಾಗುವುದು ಎರಡನೇ ಹಂತದಲ್ಲಿ. 4ನೇ ಮೇನ್‌ನಲ್ಲಿ ಬರುವವರು, 7ನೇ ಕ್ರಾಸ್‌ನಿಂದ ಬರುವವರೇ ನಿಲ್ಲಬೇಕು ಎಂದುಕೊಳ್ಳುತ್ತಾರೆ. ಆದರೆ ಈ ಮೇನು, ಕ್ರಾಸುಗಳೆಲ್ಲ ವಿಳಾಸಕ್ಕಾಗಿ ಇಟ್ಟ ಹೆಸರುಗಳು. ಎಷ್ಟೋ ಕಡೆ ಎರಡರ ಅಗಲವೂ ಒಂದೇ. ನೋಡಬೇಕಾದದ್ದು ಫಲಕವನ್ನು: ಕೆಂಪು ಅಂಚಿನ ತಲೆಕೆಳಗಾದ ತ್ರಿಕೋನ ಕಂಡರೆ ದಾರಿ ಬಿಡಬೇಕು, ಎಂಟು ಮೂಲೆಯ ಕೆಂಪು ಫಲಕವಿದ್ದರೆ ಪೂರ್ತಿ ನಿಂತು ಹೊರಡಬೇಕು. ಫಲಕವೂ ಇಲ್ಲದ ಸಮಾನ ರಸ್ತೆಗಳಾದರೆ, ನೀವು ಮೇನ್‌ನಲ್ಲಿದ್ದರೂ ಬಲಗಡೆಯ ಕ್ರಾಸ್‌ನಿಂದ ಬರುವ ಸ್ಕೂಟರಿಗೇ ಮೊದಲ ಅವಕಾಶ.

ಬಲಕ್ಕೇ ಏಕೆ?

ನಾವು ರಸ್ತೆಯ ಎಡಬದಿಯಲ್ಲಿ ಸಾಗುತ್ತೇವೆ. ಹಾಗಾಗಿ ಬಲದಿಂದ ಬರುವ ವಾಹನ ಅಡ್ಡರಸ್ತೆಯಲ್ಲಿ ನಮಗೆ ಹತ್ತಿರದ ಅರ್ಧದಲ್ಲಿರುತ್ತದೆ. ನಾವು ಮೂತಿ ತೂರಿಸಿದ ಕೂಡಲೇ ಸಿಗುವುದು ಅದೇ. ಎಡದಿಂದ ಬರುವುದು ಆಚೆಯ ಅರ್ಧದಲ್ಲಿರುತ್ತದೆ. ಅದರ ಚಾಲಕನಿಗೆ ನಾವು ಬಲಗಡೆಯವರು, ಆದ್ದರಿಂದ ಅವನು ನಮಗೆ ನಿಲ್ಲಬೇಕು.

ವೃತ್ತಗಳು ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ. ನಮ್ಮಲ್ಲಿ ವೃತ್ತದೊಳಗಿನ ವಾಹನಗಳು ಗಡಿಯಾರದ ಮುಳ್ಳಿನಂತೆ ಸುತ್ತುವುದರಿಂದ, ಒಳಬರುವವರಿಗೆ ಅವು ಬಲದಿಂದಲೇ ಎದುರಾಗುತ್ತವೆ. ಬ್ರಿಟನ್ನಿನಲ್ಲೂ ಎಡಬದಿಯ ಸಂಚಾರವೇ. ಒಳಗಿರುವವರಿಗೆ ಆದ್ಯತೆ ಎಂಬ ನಿಯಮ ಅಲ್ಲಿ 1966ರಲ್ಲಿ ಜಾರಿಗೆ ಬರುವ ಮುನ್ನ, ದಟ್ಟಣೆಯ ಹೊತ್ತಿನಲ್ಲಿ ವೃತ್ತಗಳು ಕಟ್ಟಿಕೊಳ್ಳುತ್ತಿದ್ದವು. ಫ್ರಾನ್ಸಿನಲ್ಲಿ ಬಲಬದಿಯ ಸಂಚಾರ. ಬಲದವರಿಗೆ ಆದ್ಯತೆ ಎಂಬ ನಿಯಮ ಅಲ್ಲಿಯೂ ಇದೆ. ಅದನ್ನು ವೃತ್ತಕ್ಕೆ ಹಚ್ಚಿದರೆ ಒಳಗಿರುವವರು ನಿಂತು ಹೊರಗಿನವರನ್ನು ಬಿಟ್ಟುಕೊಳ್ಳಬೇಕಾಗುತ್ತದೆ. ಪ್ಯಾರಿಸ್ಸಿನ ವಿಜಯ ಕಮಾನಿನ ಸುತ್ತ ಇಂದಿಗೂ ನಡೆಯುವುದು ಹೀಗೆಯೇ, ಅಲ್ಲಿನ ಗೊಂದಲ ಪ್ರಸಿದ್ಧ.

ನಾಲ್ಕೂ ಕಡೆಯವರು ಬಂದರೆ?

ನಾಲ್ಕು ದಿಕ್ಕಿನಿಂದ ನಾಲ್ವರು ಒಟ್ಟಿಗೆ ಬಂದರೆ ಪ್ರತಿಯೊಬ್ಬರ ಬಲಕ್ಕೂ ಒಬ್ಬರಿರುತ್ತಾರೆ. ನಿಯಮವನ್ನು ಅಕ್ಷರಶಃ ಪಾಲಿಸಿದರೆ ಯಾರೂ ಹೊರಡುವಂತಿಲ್ಲ. ಒಬ್ಬರು ಕೈಸನ್ನೆ ಮಾಡಿ ತಮ್ಮ ಎಡಗಡೆಯವರನ್ನು ಕಳಿಸಿದರೆ ಗಂಟು ಬಿಚ್ಚುತ್ತದೆ. ಆಮೇಲೆ ಉಳಿದವರ ಸರದಿ ತಾನಾಗಿ ಕೂಡಿಬರುತ್ತದೆ. ಇಂಥಲ್ಲಿ ಹೆಡ್‌ಲೈಟ್ ಮಿಣುಕಿಸುವುದನ್ನು ನೆಚ್ಚಬೇಡಿ. ‘ನೀವು ಹೋಗಿ’ ಎಂದು ಒಬ್ಬರು ಮಿಣುಕಿಸಿದರೆ, ‘ನಾನು ಬಂದೆ, ನಿಲ್ಲಿ’ ಎಂದು ಇನ್ನೊಬ್ಬರು ಮಿಣುಕಿಸುತ್ತಾರೆ.

ಡಿಕ್ಕಿಯಾದ ಮೇಲೆ

ಆದ್ಯತೆ ನಿಮ್ಮದೇ ಆಗಿದ್ದರೂ ಮೊದಲ ಹಂತದಿಂದ ವಿನಾಯಿತಿಯಿಲ್ಲ. ಅಪಘಾತ ಪರಿಹಾರದ ನ್ಯಾಯಮಂಡಳಿ, ಯಾರು ದಾರಿ ಬಿಡಬೇಕಿತ್ತು ಎಂಬುದರ ಜೊತೆಗೆ ಇಬ್ಬರ ವೇಗ, ಎಚ್ಚರಿಕೆಗಳನ್ನೂ ತೂಗಿ ನೋಡುತ್ತದೆ. ನಿಮ್ಮ ಅಜಾಗರೂಕತೆಯ ಪಾಲೂ ಅದರಲ್ಲಿದೆ ಎಂದು ಕಂಡರೆ ಪರಿಹಾರದಲ್ಲಿ ಅಷ್ಟು ಭಾಗ ಕಡಿತವಾಗಬಹುದು. ಎಡದವರು ಬಿಡುತ್ತಾರೋ ಇಲ್ಲವೋ ತಿಳಿಯುವ ತನಕ ಕಾಲು ಬ್ರೇಕಿನ ಮೇಲೇ ಇರಲಿ.